ಅಮ್ಮನ ಬೆನ್ನಿನ ಸ್ಕ್ರೂ ಯಾವ ಕಂಪನಿದು?

ತುಂಬಾ ದಿನ ಆಯ್ತು ಇಲ್ಲಿ ಏನಾದರೂ ಬರೆದು. ಆಫೀಸಿನ ಕೆಲಸ ಜಾಸ್ತಿ ಅಂತ ಹೇಳಿದರೆ ಅರ್ಧ ಸುಳ್ಳಾಗುತ್ತೆ. ನಿಜವಾದ ಕಾರಣ ಅಮ್ಮನ ಬೆನ್ನು. ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತಾಗಲೆಲ್ಲ ಇದನ್ನು ಬರೀಬೇಕು ಅಂದುಕೊಳ್ತಿದ್ದೆ. ಈಗ ಅಮ್ಮ ಮನೆಯೊಳಗೆ ತಾನೇ ಓಡಾಡುವಂತಾಗಿದ್ದಾಳೆ, ಹಾಗಾಗಿ ಕೂತು ಬರೀತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

2019ರ ಕೊನೆಯಲ್ಲಿ ಅಮ್ಮನಿಗೆ ಬೆನ್ನಿನ ಆಪರೇಷನ್ ಆಯ್ತು. ಸೊಂಟದ ಹತ್ತಿರ ನಾಲ್ಕನೇ ಮಣಿ ಐದನೆಯದರ ಮೇಲಿಂದ ಮುಂದಕ್ಕೆ ಜಾರಿ ಕಾಲಿಗೆ ಹೋಗುವ ನರವನ್ನು ಒತ್ತುತ್ತಿತ್ತು. ಐವತ್ತು ದಾಟಿದ ಹೆಂಗಸರಲ್ಲಿ ಇದು ತೀರಾ ಸಾಮಾನ್ಯವಂತೆ. ಬಾವಿಕಟ್ಟೆಯಿಂದ ಅಡುಗೆಮನೆಗೆ ಬರೋದರೊಳಗೆ ಎರಡು ಸಲ ಕೂರಬೇಕಾದಾಗ ಅಮ್ಮನೇ "ಕೊಯ್ಯಿಸಿಬಿಡಿ ಅತ್ಲಾಗೆ" ಅಂದಳು. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಆಯ್ತು. ನಾಲ್ಕು ಸ್ಕ್ರೂ, ಎರಡು ರಾಡು, ಮಧ್ಯೆ ಒಂದು ಕೇಜ್. ನನಗೆ ಕೆಲಸ ಸಿಕ್ಕಿ ಆಗಿನ್ನೂ ಮೂರು ತಿಂಗಳಾಗಿತ್ತು. ಬಿಲ್ಲಿನಲ್ಲಿ ಒಂದು ಸಾಲು ಇತ್ತು: "ಇಂಪ್ಲಾಂಟ್ ಚಾರ್ಜಸ್, ಸಂಖ್ಯೆ 1, ರೂ. 1,12,000". ನೋಡಿದೆ, ಕಾರ್ಡ್ ಉಜ್ಜಿದೆ, ಅಮ್ಮನನ್ನು ಕರ್ಕೊಂಡು ಊರಿಗೆ ಹೋದೆ. ಆ ಸಾಲನ್ನು ಎರಡನೇ ಸಲ ಓದಿದ್ದು ಐದು ವರ್ಷ ಆದಮೇಲೆ.

ಓದಿದ್ದು ಮೆಕ್ಯಾನಿಕಲ್, ಮಾಡೋದು ಸಾಫ್ಟ್‌ವೇರ್ ಅನ್ನೋ ದೊಡ್ಡ ಜಾತಿಗೆ ಸೇರಿದವನು ನಾನು :) ಆದರೂ ಈ ವಿಷಯದಲ್ಲಿ ಹಳೇ ಸಿಲಬಸ್ಸು ಸ್ವಲ್ಪ ಉಪಯೋಗಕ್ಕೆ ಬಂತು. ಬೆನ್ನಿಗೆ ಸ್ಕ್ರೂ ಹಾಕ್ತಾರೆ ಅಂದಾಗ ನಮಗೆಲ್ಲ ಅನ್ನಿಸೋದು, ಇನ್ನು ಆ ಲೋಹವೇ ಬೆನ್ನನ್ನು ಸಾಯೋತನಕ ಹಿಡಿದುಕೊಂಡಿರುತ್ತೆ ಅಂತ. ಹಾಗಲ್ಲ. ಮನೆ ಕಟ್ಟುವಾಗ ಸೆಂಟ್ರಿಂಗ್ ಹಾಕ್ತಾರಲ್ಲ, ಹಾಗೆ ಇದು. ಎರಡು ಮಣಿಗಳ ನಡುವೆ ಹೊಸ ಮೂಳೆ ಬೆಳೆದು ಅವೆರಡೂ ಒಂದಾಗೋ ತನಕ ಅಲುಗಾಡದ ಹಾಗೆ ಹಿಡಿದಿಡೋದು ಅದರ ಕೆಲಸ. ಅದಕ್ಕೆ ಆರು ತಿಂಗಳಿಂದ ಒಂದು ವರ್ಷ ಬೇಕು. ಸೆಂಟ್ರಿಂಗ್ ಆಮೇಲೆ ಬಿಚ್ಚುತ್ತಾರೆ, ಇಲ್ಲಿ ಸಾಮಾನ್ಯವಾಗಿ ಬಿಚ್ಚದೆ ಒಳಗೇ ಬಿಡ್ತಾರೆ, ಅಷ್ಟೇ ವ್ಯತ್ಯಾಸ. ಮೂಳೆ ಕೂಡದೇ ಹೋದರೆ ಪ್ರತಿ ಸಲ ಬಗ್ಗಿದಾಗ, ಎದ್ದಾಗ, ನಡೆದಾಗ ಲೋಹಕ್ಕೆ ಒಂದೊಂದು ಸಣ್ಣ ಪೆಟ್ಟು. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಹೋದರೆ ಕೊನೆಗೆ ಮುರಿಯುತ್ತಲ್ಲ, ಅದೇ ಫಟೀಗ್ ಪಾಠ. ಒಂದೋ ಸ್ಕ್ರೂ ಸಡಿಲ ಆಗುತ್ತೆ, ಇಲ್ಲಾ ಮುರಿಯುತ್ತೆ. ಮೂಳೆ ಮೊದಲು ಕೂಡುತ್ತಾ, ಲೋಹ ಮೊದಲು ಸೋಲುತ್ತಾ ಅನ್ನೋ ಪಂದ್ಯ ಅದು. ಮೂಳೆ ಟೊಳ್ಳಾಗಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಬೀಡಿ ಸಿಗರೇಟು ಸೇದೋರಾದರೆ ಮೂಳೆ ಹಿಂದೆ ಬೀಳೋ ಸಾಧ್ಯತೆ ಜಾಸ್ತಿ.

ನಾನು ಇಂಪ್ಲಾಂಟ್ ವಿರೋಧಿ ಅಂತ ದಯವಿಟ್ಟು ತಿಳ್ಕೋಬೇಡಿ. ಇದರ ಕಥೆ ಓದಿದರೆ ಕೈ ಮುಗಿಯಬೇಕು ಅನ್ನಿಸುತ್ತೆ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಪಾಲ್ ಹ್ಯಾರಿಂಗ್ಟನ್ ಅನ್ನುವ ಸರ್ಜನ್ ಪೋಲಿಯೋದಿಂದ ಬೆನ್ನು ವಕ್ರವಾದ ಮಕ್ಕಳಿಗೆ ಅಂತ ಕೊಕ್ಕೆ ಇರೋ ಉಕ್ಕಿನ ರಾಡು ಮಾಡಿ, ಅದರ ಬಗ್ಗೆ 1962ರಲ್ಲಿ ಲೇಖನ ಬರೆದರು. ಅಲ್ಲಿವರೆಗೆ ಆ ಮಕ್ಕಳು ತಿಂಗಳುಗಟ್ಟಲೆ ಪ್ಲಾಸ್ಟರಿನಲ್ಲಿ ಮಲಗಬೇಕಿತ್ತು. ಪ್ಯಾರಿಸ್ಸಿನ ರೇಮಂಡ್ ರಾಯ್-ಕಮೀಲ್ 1963ರಲ್ಲಿ ಮಣಿಯ ಹಿಂಭಾಗದ ಸಣ್ಣ ಕತ್ತಿನ ಮೂಲಕ ಸ್ಕ್ರೂ ಇಳಿಸಿದರು. ಅದಕ್ಕೆ ಪೆಡಿಕಲ್ ಅಂತಾರೆ, ಅದರ ಒಳಮಗ್ಗುಲಿಗೇ ನರ ಇರುತ್ತೆ. ಇವತ್ತು ನಮ್ಮ ಊರುಗಳಲ್ಲೂ ಹಾಕೋದು ಅದೇ ಪೆಡಿಕಲ್ ಸ್ಕ್ರೂ. ಮಧ್ಯೆ ಕೂರಿಸುವ ಕೇಜ್ ಹುಟ್ಟಿದ್ದಂತೂ ಕುದುರೆಗೆ! ಕತ್ತಿನ ನರ ಒತ್ತಿ ಕಾಲು ತಡವರಿಸುವ ಕುದುರೆಗಳಿಗೆ ಜಾರ್ಜ್ ಬ್ಯಾಗ್ಬಿ ಅನ್ನುವ ಡಾಕ್ಟರು ತೂತು ತೂತಿನ ಉಕ್ಕಿನ ಬುಟ್ಟಿಯೊಂದನ್ನು ಮಾಡಿದರು. ಅದೇ ವಿಚಾರ ಬೆಳೆದು 1996ರಲ್ಲಿ ಅಮೆರಿಕದಲ್ಲಿ ಮನುಷ್ಯರಿಗೆ ಅನುಮತಿ ಪಡೆಯಿತು.

ಸರಿ, ಅಮ್ಮನ ವಿಷಯಕ್ಕೆ ಬರ್ತೀನಿ. ಆರು ತಿಂಗಳಿಗೆ ಎಕ್ಸ್‌ರೇಗೆ ಬನ್ನಿ ಅಂದಿದ್ದರು. ಅಷ್ಟರಲ್ಲಿ 2020ರ ಲಾಕ್‌ಡೌನ್. ನೋವು ಹೋಗಿತ್ತು, ನಾವೂ ಮರೆತೆವು. ತಪ್ಪು ನಮ್ಮದೇ. 2024ರ ಮಳೆಗಾಲದಲ್ಲಿ ನೋವು ಮತ್ತೆ ಶುರು ಆಯ್ತು. ಮೊದಲು ಮಾಡಿದ ಸರ್ಜನ್ ಆ ಆಸ್ಪತ್ರೆ ಬಿಟ್ಟು ಹೋಗಿದ್ದರು. ಬೇರೆ ಆಸ್ಪತ್ರೆಗೆ, ಬೇರೆ ಡಾಕ್ಟರ ಹತ್ತಿರ ಹೋದೆವು. ಎಕ್ಸ್‌ರೇಯಲ್ಲಿ ಕೆಳಗಿನ ಎರಡು ಸ್ಕ್ರೂಗಳ ಸುತ್ತ ಕಪ್ಪು ಗೆರೆ ಇತ್ತು. ಸ್ಕ್ರೂ ಅಲುಗಾಡಿ ಅಲುಗಾಡಿ ಮೂಳೆಯಲ್ಲಿ ಜಾಗ ಮಾಡಿಕೊಂಡಿದೆ ಅಂತ ಅದರ ಅರ್ಥ. ಗೋಡೆಗೆ ಹೊಡೆದ ಮೊಳೆ ಸಡಿಲ ಆಗುತ್ತಲ್ಲ, ಹಾಗೆ. ತೆಗೆದು ದಪ್ಪನೆಯದು ಹಾಕಬೇಕು ಅಂದರು ಡಾಕ್ಟ್ರು. ಆಮೇಲೆ ತೀರಾ ಸಹಜವಾಗಿ ಕೇಳಿದರು:

"ಯಾವ ಕಂಪನಿದು ಹಾಕಿದಾರೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಡಿಸ್ಚಾರ್ಜ್ ಸಮ್ಮರಿಯಲ್ಲಿ "ಟೈಟೇನಿಯಂ ಸ್ಕ್ರೂ ಮತ್ತು ರಾಡ್" ಅಂತ ಮಾತ್ರ ಇತ್ತು. ಯಾಕೆ ಬೇಕು ಸಾರ್ ಅಂದೆ. "ಬಿಚ್ಚೋಕೆ ಸ್ಕ್ರೂಡ್ರೈವರ್ ಬೇಕಲ್ಲಪ್ಪಾ" ಅಂದರು.

ಅಲ್ಲಿವರೆಗೆ ನನಗೆ ಇದು ಹೊಳೆದಿರಲಿಲ್ಲ. ಸ್ಕ್ರೂವಿನ ತಲೆ, ಅದರ ಮೇಲೆ ರಾಡನ್ನು ಬಿಗಿಹಿಡಿಯುವ ಮುಚ್ಚಳ, ಅದರ ಮರೆ, ಇವೆಲ್ಲ ಒಂದೊಂದು ಕಂಪನಿಯದು ಒಂದೊಂದು ಥರ. ಒಬ್ಬರ ಡ್ರೈವರ್ ಇನ್ನೊಬ್ಬರದಕ್ಕೆ ಕೂರೋದಿಲ್ಲ. ಕೂರದ ಡ್ರೈವರಿನಿಂದ ತಿರುಗಿಸಿದರೆ ತಲೆಯ ತೂತೇ ಸವೆದುಹೋಗುತ್ತೆ. ಮೇಲಿನ ಎರಡು ಒಳ್ಳೆ ಸ್ಕ್ರೂ ಉಳಿಸಿಕೊಳ್ಳಬೇಕು ಅಂದರೂ ಅದಕ್ಕೆ ಹೊಂದುವ ರಾಡು, ಮುಚ್ಚಳ ಬೇಕು. ನಾವು ಮನೆಯಲ್ಲಿ ಹಳೇ ಚಾರ್ಜರ್‌ಗಳ ಡಬ್ಬ ಇಟ್ಟುಕೊಂಡಿರ್ತೀವಲ್ಲ, ಆ ಸಮಸ್ಯೆ. ಇದು ಮಾತ್ರ ಬೆನ್ನು ತೆರೆದು ಮಲಗಿರೋ ಅಮ್ಮನಿಗೆ ಸಂಬಂಧಪಟ್ಟದ್ದು.

ಹಳೇ ಆಸ್ಪತ್ರೆಗೆ ಮೂರು ಸಲ ಹೋದೆ. ರೆಕಾರ್ಡ್ ರೂಮಿನಲ್ಲಿದ್ದವರು ಒಳ್ಳೆಯವರೇ, ಕೂರಿಸಿ ಕಾಫಿ ಕೊಟ್ಟರು. "ಐದು ವರ್ಷ ಆಯ್ತಲ್ಲ ಸಾರ್, ಆ ಫೈಲು ಇಲ್ಲ" ಅಂದರು. ಹುಡುಕಿದಾಗ ಒಂದು ರಿಜಿಸ್ಟರಿನಲ್ಲಿ "4 ಸ್ಕ್ರೂ, 2 ರಾಡ್, 1 ಕೇಜ್" ಅಂತ ಸಿಕ್ಕಿತು. ಕಂಪನಿ ಹೆಸರಿಲ್ಲ, ಲಾಟ್ ನಂಬರ್ ಇಲ್ಲ. ನನಗೆ ಸಿಟ್ಟು ಬಂದಿದ್ದು ನಿಜ. ಮನೆಗೆ ಬಂದು ನಿಯಮ ಹುಡುಕಿದೆ. ವೈದ್ಯರ ನಡವಳಿಕೆಗೆ ಅಂತ ಮೆಡಿಕಲ್ ಕೌನ್ಸಿಲ್ 2002ರಲ್ಲಿ ಮಾಡಿದ ನಿಯಮಾವಳಿಯಲ್ಲಿ ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಇಟ್ಟುಕೊಳ್ಳಬೇಕು ಅಂತಿದೆ. ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತಲೂ ಇದೆ. ಅಂದರೆ ಅವರು ಆ ನಿಯಮ ಮುರಿದಿರಲಿಲ್ಲ. ನಾನು ಕೇಳಿದ್ದೇ ತಡವಾಗಿ.

ನೋಡಿ, ನನ್ನ ತಕರಾರು ಇಲ್ಲೇ ಇರೋದು. ಕಾಗದದ ಆಯುಸ್ಸು ಮೂರು ವರ್ಷ. ಸ್ಕ್ರೂವಿನ ಆಯುಸ್ಸು ಅಮ್ಮನ ಆಯುಸ್ಸು. ಹೀಗಿದ್ದಾಗ ಕಾಗದ ಆಸ್ಪತ್ರೆಯಲ್ಲಿದ್ದರೆ ಏನು ಪ್ರಯೋಜನ? ಅದು ಅಮ್ಮನ ಕೈಯಲ್ಲಿರಬೇಕು. ಮೈಯೊಳಗೆ ಇಟ್ಟು ಕಳಿಸುವ ಪ್ರತಿ ವಸ್ತುವಿನ ಹೆಸರು, ತಯಾರಕರು, ಅಳತೆ, ಲಾಟ್ ನಂಬರ್ ಬರೆದ ಒಂದು ಹಾಳೆಯನ್ನು ಡಿಸ್ಚಾರ್ಜ್ ಸಮ್ಮರಿಯ ಜೊತೆ, ಕೇಳದೇ ಇದ್ದರೂ, ಕೊಡಬೇಕು. ಇಷ್ಟೇ ನಾನು ಹೇಳಬೇಕು ಅಂದುಕೊಂಡಿದ್ದು.

ನಮ್ಮನೆ ಹಸು ಗೌರಿಯ ಕಿವಿಯಲ್ಲಿ ಹಳದಿ ಬಿಲ್ಲೆ ಇದೆ. ಹನ್ನೆರಡು ಅಂಕಿಯ ನಂಬರ್. ಪಶುವೈದ್ಯರು ಬಂದು ಫೋನಿನಲ್ಲಿ ಆ ನಂಬರ್ ಹೊಡೆದರೆ ಯಾವಾಗ ಕಾಲುಬಾಯಿ ಜ್ವರದ ಲಸಿಕೆ ಆಗಿದೆ ಅಂತ ಗೊತ್ತಾಗುತ್ತೆ. ಎರಡು ಸಾವಿರದ ಮಿಕ್ಸಿಗೆ ಸೀರಿಯಲ್ ನಂಬರ್ ಇರೋ ವಾರಂಟಿ ಕಾರ್ಡ್ ಇದೆ, ಅಪ್ಪ ಅದನ್ನು ಪಂಚಾಂಗದ ಜೊತೆ ಜೋಪಾನ ಮಾಡಿದ್ದಾರೆ. ನಾನು ಆಫೀಸಿನಲ್ಲಿ ಒಂದು ಲೈಬ್ರರಿಯ ಆವೃತ್ತಿ ಬದಲಿಸಿದರೂ ಯಾರು, ಯಾವಾಗ, ಯಾಕೆ ಅಂತ ದಾಖಲಾಗುತ್ತೆ. ಲಕ್ಷದ ಮೇಲೆ ಹನ್ನೆರಡು ಸಾವಿರದ ಲೋಹ ಅಮ್ಮನ ನರದ ಪಕ್ಕದಲ್ಲಿದೆ, ಅದಕ್ಕೆ ಬಿಲ್ಲಿನಲ್ಲಿ "ಸಂಖ್ಯೆ 1".

ಇದು ನಮ್ಮನೆ ಒಂದರ ಗೋಳು ಅಂತ ಅನ್ನಿಸಿದರೆ ಸೊಂಟದ ಕೀಲಿನ ಪ್ರಕರಣ ನೆನಪಿಸಿಕೊಳ್ಳಿ. ಡಿಪ್ಯೂ ಕಂಪನಿಯ ಎಎಸ್ಆರ್ ಅನ್ನುವ ಕೃತಕ ಕೀಲನ್ನು 2010ರ ಆಗಸ್ಟ್‌ನಲ್ಲಿ ಪ್ರಪಂಚದಾದ್ಯಂತ ವಾಪಸ್ ಕರೆಸಿಕೊಂಡರು. ನಮ್ಮ ದೇಶದಲ್ಲಿ ಅದನ್ನು ಹಾಕಿದ ಆಪರೇಷನ್‌ಗಳು ಸುಮಾರು 4,700. ಕೇಂದ್ರ ಸರ್ಕಾರದ ತಜ್ಞರ ಸಮಿತಿ ವಿಚಾರಿಸುವ ಹೊತ್ತಿಗೆ ಅದರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಎಲ್ಲಿದ್ದಾರೆ ಅಂತಲೇ ಗೊತ್ತಿರಲಿಲ್ಲ. ಅವರ ಮೈಯಲ್ಲಿ ವಾಪಸ್ ಕರೆಸಿಕೊಂಡ ವಸ್ತು ಇದೆ ಅನ್ನೋದು ಎಷ್ಟು ಜನರಿಗೆ ಗೊತ್ತಾಯಿತೋ! ಕೈಯಲ್ಲಿ ಒಂದು ಚೀಟಿ ಇದ್ದಿದ್ದರೆ ಪೇಪರ್ ಓದಿದ ದಿನವೇ ಮಗನೋ ಮಗಳೋ ಬೀರು ತೆಗೆದು ನೋಡುತ್ತಿದ್ದರು.

ವೈದ್ಯಕೀಯ ಸಾಧನಗಳಿಂದ ತೊಂದರೆಯಾದರೆ ದಾಖಲಿಸೋಕೆ 2015ರ ಜುಲೈನಲ್ಲಿ ಮೆಟೀರಿಯೋವಿಜಿಲೆನ್ಸ್ ಅಂತ ಒಂದು ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯ ಕಮಿಷನ್ ಅದನ್ನು ನೋಡಿಕೊಳ್ಳುತ್ತೆ. ಒಳ್ಳೇ ಕೆಲಸವೇ. ಆದರೆ ವರದಿ ಮಾಡಬೇಕಾದರೆ ಸಾಧನದ ಹೆಸರು, ತಯಾರಕರು, ಬ್ಯಾಚ್ ಬೇಕು. ನಾನು ಏನು ಬರೆಯಲಿ? "ಬೆಳ್ಳಗಿರುವ ಸ್ಕ್ರೂ" ಅಂತಲೇ? ಬಗ್ ರಿಪೋರ್ಟಿನಲ್ಲಿ "ಏನೋ ಕೆಲಸ ಮಾಡ್ತಿಲ್ಲ" ಅಂತ ಬರೆಯೋರನ್ನು ಕಂಡರೆ ನಮಗೆಲ್ಲ ಹೇಗೆ ಮೈ ಉರಿಯುತ್ತೆ ಅಂತ ಗೊತ್ತಲ್ಲ.

ಇದನ್ನೆಲ್ಲ ನನ್ನ ಪಿಯುಸಿ ಗೆಳೆಯನ ಹತ್ತಿರ ಹೇಳಿದೆ. ಅವನು ಈಗ ಆರ್ಥೋ ಪಿಜಿ ಮುಗಿಸಿದ್ದಾನೆ. "ಲೋ, ಹೊರಗೆ ನಿಂತು ಹೇಳೋದು ಸುಲಭ" ಅಂತಲೇ ಶುರು ಮಾಡಿದ. ಅವನು ಹೇಳಿದ್ದರಲ್ಲಿ ನ್ಯಾಯ ಇದೆ, ಅದಕ್ಕೆ ಇಲ್ಲಿ ಬರೀತೀನಿ. ಬೆನ್ನಿನ ಸ್ಕ್ರೂಗಳು ಸ್ಟೆಂಟಿನ ಹಾಗೆ ಒಂದೊಂದೂ ಸೀಲ್ ಆದ ಡಬ್ಬಿಯಲ್ಲಿ ಬರಲೇಬೇಕು ಅಂತಿಲ್ಲ. ಎಷ್ಟೋ ಕಡೆ ಡೀಲರು ಒಂದು ದೊಡ್ಡ ಟ್ರೇ ಕಳಿಸ್ತಾನೆ, ಅದರಲ್ಲಿ ಬೇರೆ ಬೇರೆ ದಪ್ಪ, ಉದ್ದದ ಸ್ಕ್ರೂಗಳು ಬಣ್ಣ ಬಣ್ಣವಾಗಿ ಸಾಲಾಗಿ ನಿಂತಿರುತ್ತವೆ. (ಆ ಬಣ್ಣ ಪೇಂಟ್ ಅಲ್ಲ. ಟೈಟೇನಿಯಂ ಮೇಲಿನ ಆಕ್ಸೈಡ್ ಪದರದ ದಪ್ಪ ಬದಲಿಸಿ ಬರಿಸುವ ಬಣ್ಣ.) ಆಸ್ಪತ್ರೆಯಲ್ಲೇ ಆ ಟ್ರೇಯನ್ನು ಸ್ಟೆರಿಲೈಜ್ ಮಾಡ್ತಾರೆ. ಬಳಸಿದ್ದಕ್ಕೆ ಲೆಕ್ಕ ಹಾಕಿ ಮಿಕ್ಕಿದ್ದು ವಾಪಸ್. ಹಾಗಾಗಿ ಅಂಟಿಸೋಕೆ ಸ್ಟಿಕರೇ ಇರಲ್ಲ. ಲಾಟ್ ನಂಬರ್ ಇರೋದು ಸ್ಕ್ರೂವಿನ ಮೇಲೆ, ಇರುವೆ ಸಾಲಿನಷ್ಟು ಸಣ್ಣದಾಗಿ. ಆಪರೇಷನ್ ಮಧ್ಯೆ ಅದನ್ನು ಓದುತ್ತಾ ಕೂರೋರು ಯಾರು? ಇನ್ನೊಂದು, "ನಂಬರ್ ಕೊಟ್ರೆ ನೀವು ಗೂಗಲ್ ಮಾಡಿ ರಾತ್ರಿ ಹನ್ನೆರಡಕ್ಕೆ ಫೋನ್ ಮಾಡ್ತೀರ" ಅಂದ.

ಎರಡನೆಯದಕ್ಕೆ ನನ್ನ ಉತ್ತರ: ಮಾಡ್ತೀವಿ, ನಿಜ. ಗೊತ್ತಿಲ್ಲದೇ ಇದ್ದಾಗಲೂ ಮಾಡ್ತೀವಿ :) ಮೊದಲನೆಯದು ನಿಜವಾದ ಕಷ್ಟ, ಒಪ್ಪಿದೆ. ಆದರೆ ಡೀಲರು ಮಿಕ್ಕಿದ್ದನ್ನು ವಾಪಸ್ ತಗೊಂಡು, ಬಳಸಿದ್ದಕ್ಕೆ ದುಡ್ಡು ಕೇಳ್ತಾನಲ್ಲ, ಆ ಲೆಕ್ಕ ಒಂದೂ ತಪ್ಪೋದಿಲ್ಲ! ಅಂದರೆ ಯಾವ ಅಳತೆಯ ಎಷ್ಟು ಸ್ಕ್ರೂ ಹೋಯಿತು, ಯಾವ ಕಂಪನಿಯದು ಅನ್ನೋ ಪಟ್ಟಿ ಅವತ್ತು ಸಂಜೆಯೊಳಗೆ ಒಂದು ಕಡೆ ತಯಾರಾಗಿರುತ್ತೆ. ಅದರ ಒಂದು ಪ್ರತಿ ರೋಗಿಗೆ ಬರೋದಿಲ್ಲ, ಅಷ್ಟೇ. ಲಾಟ್ ನಂಬರಿಗೆ ಸೀಲ್ ಡಬ್ಬಿಯೇ ದಾರಿ ಆದರೆ ಆ ಕಡೆ ನಿಧಾನವಾಗಿ ಹೋಗೋಣ. ಕಂಪನಿ ಹೆಸರು, ಸೆಟ್ಟಿನ ಹೆಸರು ಬರೆಯೋಕೆ ಯಾವ ಡಬ್ಬಿಯೂ ಬೇಡ, ಒಂದು ಪೆನ್ನು ಸಾಕು.

ಮಾಡೋಕೆ ಆಗಲ್ಲ ಅನ್ನೋ ಮಾತನ್ನು ನಾನು ನಂಬದೇ ಇರೋಕೆ ಇನ್ನೊಂದು ಕಾರಣ ಇದೆ. 2017ರ ಫೆಬ್ರವರಿಯಲ್ಲಿ ಹೃದಯದ ಸ್ಟೆಂಟಿಗೂ, ಆಗಸ್ಟ್‌ನಲ್ಲಿ ಮೊಣಕಾಲಿನ ಕೃತಕ ಕೀಲಿಗೂ ಸರ್ಕಾರ ಗರಿಷ್ಠ ಬೆಲೆ ಕಟ್ಟಿತು. ಎಲ್ಲರಿಗೂ ಬೆಲೆ ನೆನಪಿದೆ. ಆ ಆದೇಶದಲ್ಲಿ ಇನ್ನೊಂದು ಮಾತೂ ಇತ್ತು: ಆಸ್ಪತ್ರೆಯ ಬಿಲ್ಲಿನಲ್ಲಿ ಅದರ ಬೆಲೆಯನ್ನು ಪ್ರತ್ಯೇಕವಾಗಿ, ಬ್ರ್ಯಾಂಡ್, ತಯಾರಕರು, ಬ್ಯಾಚ್ ನಂಬರ್ ಸಮೇತ ತೋರಿಸಬೇಕು ಅಂತ. ಬೆನ್ನಿನ ಸ್ಕ್ರೂ ಆ ಎರಡು ಆದೇಶಗಳಲ್ಲಿ ಇರಲಿಲ್ಲ. ಬೆಲೆ ಕಟ್ಟಬೇಕೋ ಬೇಡವೋ ಅನ್ನೋದು ದೊಡ್ಡ ಚರ್ಚೆ, ಅದರ ಅರ್ಥಶಾಸ್ತ್ರ ನನಗೆ ತಲೆಗೆ ಹತ್ತಲ್ಲ. ಆದರೆ ಆ ಬಿಲ್ಲಿನ ಸಾಲು ಮಾತ್ರ ಬೆನ್ನಿಗೂ ಬರಲಿ. ಅದಕ್ಕೆ ಖರ್ಚಾಗೋದು ಇಂಕು.

ಹೊರದೇಶದಲ್ಲಿ ಎಲ್ಲ ಸರಿ ಇದೆ ಅಂತಲೂ ಅಲ್ಲ. ಯುರೋಪಿನಲ್ಲಿ 2021ರ ಮೇ 26ರಿಂದ ಜಾರಿಗೆ ಬಂದ ನಿಯಮದಲ್ಲಿ ಇಂಪ್ಲಾಂಟ್ ಹಾಕಿಸಿಕೊಂಡವರಿಗೆ ಒಂದು ಕಾರ್ಡ್ ಕೊಡಲೇಬೇಕು. ಆದರೆ ವಿನಾಯಿತಿಯ ಪಟ್ಟಿಯಲ್ಲಿ ಹೊಲಿಗೆ ದಾರ, ಹಲ್ಲಿನ ಫಿಲ್ಲಿಂಗ್ ಜೊತೆಗೆ ಸ್ಕ್ರೂ, ಪ್ಲೇಟುಗಳೂ ಸೇರಿಕೊಂಡಿವೆ. ಸ್ಕ್ರೂ ಅಂದರೆ ಎಲ್ಲರಿಗೂ ಸಸಾರ!

ಅಮ್ಮನ ಎರಡನೇ ಆಪರೇಷನ್ 2024ರ ನವೆಂಬರಿನಲ್ಲಿ ಆಯ್ತು. ಡಾಕ್ಟ್ರು ಎಕ್ಸ್‌ರೇಯಲ್ಲಿ ಸ್ಕ್ರೂ ತಲೆಯ ಆಕಾರ ನೋಡಿ ಎರಡು ಕಂಪನಿಗಳ ಅಂದಾಜು ಮಾಡಿ, ಎರಡರ ಡ್ರೈವರುಗಳನ್ನೂ, ಜೊತೆಗೆ ಎಲ್ಲಾ ಥರದ ಸ್ಕ್ರೂ ಬಿಚ್ಚುವ ಒಂದು ಸೆಟ್ಟನ್ನೂ ತರಿಸಿಟ್ಟಿದ್ದರು. ಅಂದಾಜು ಎರಡೂ ತಪ್ಪಾಗಿತ್ತು. ಮೂರನೆಯದು ಕೆಲಸಕ್ಕೆ ಬಂತು. ಅಂದುಕೊಂಡಿದ್ದಕ್ಕಿಂತ ಮುಕ್ಕಾಲು ಗಂಟೆ ಜಾಸ್ತಿ ಹಿಡೀತು. ಅದಕ್ಕೆ ಇದೊಂದೇ ಕಾರಣ ಅಂತ ನಾನು ಹೇಳಲಾರೆ. ಆದರೆ ಆ ಮುಕ್ಕಾಲು ಗಂಟೆ ಹೊರಗೆ ಅಪ್ಪ ಒಂದು ಮಾತೂ ಆಡದೆ ಗಡಿಯಾರದ ಕೆಳಗೆ ನಿಂತೇ ಇದ್ದರು.

ತೆಗೆದ ಸ್ಕ್ರೂಗಳನ್ನು ಕೇಳಿ ಇಸ್ಕೊಂಡೆ. ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ತೊಳೆದು ಕೊಟ್ಟರು. ರಾತ್ರಿ ವಾರ್ಡಿನ ಹೊರಗೆ ಟ್ಯೂಬ್‌ಲೈಟಿನ ಕೆಳಗೆ ಕೂತು ಫೋನಿನ ಕ್ಯಾಮೆರಾ ಹತ್ತಿರ ಹಿಡಿದು ದೊಡ್ಡದು ಮಾಡಿ ನೋಡಿದೆ. ಇತ್ತು. ತಯಾರಕರ ಗುರುತು, 6.5, 45, ಆಮೇಲೆ ಲಾಟ್ ನಂಬರ್. ಐದು ವರ್ಷ ಅದನ್ನು ಹೊತ್ತುಕೊಂಡು ಅಮ್ಮ ನೀರು ಸೇದಿದ್ದಾಳೆ, ಗೌರಿಗೆ ಹುಲ್ಲು ಹಾಕಿದ್ದಾಳೆ, ನನ್ನ ಜೊತೆ ಬೆಂಗಳೂರಿಗೆ ಬಸ್ಸಿನಲ್ಲಿ ಬಂದಿದ್ದಾಳೆ. ಅದರ ಹೆಸರು ನಮಗೆ ಗೊತ್ತಾಗಿದ್ದು ಅದು ಹೊರಗೆ ಬಂದ ಮೇಲೆ.

ಈ ಸಲ ನಾನು ಮೊದಲೇ ಕೇಳಿದ್ದೆ. ಡಾಕ್ಟ್ರು ಬೇಜಾರೇನೂ ಮಾಡ್ಕೊಳ್ಳಲಿಲ್ಲ. "ಯಾರೂ ಕೇಳಲ್ಲ, ಅದಕ್ಕೆ ಕೊಡಲ್ಲ" ಅಂದರು. ನಿಮ್ಮ ಮನೆಯಲ್ಲಿ ಯಾರಿಗಾದರೂ ಇಂಥ ಆಪರೇಷನ್ ಇದ್ದರೆ ಇಷ್ಟು ಮಾಡಿ:

1. ಆಪರೇಷನ್‌ಗೆ ಮೊದಲೇ ಯಾವ ಕಂಪನಿಯ ಯಾವ ಸೆಟ್ಟು, ಯಾವ ಲೋಹ, ಒಂದೊಂದರ ಬೆಲೆ ಎಷ್ಟು ಅಂತ ಕೇಳಿ ಬರೆದುಕೊಳ್ಳಿ.
2. ಬಿಲ್ಲಿನಲ್ಲಿ "ಇಂಪ್ಲಾಂಟ್ ಚಾರ್ಜಸ್" ಅಂತ ಒಂದೇ ಸಾಲು ಇದ್ದರೆ ಬಿಡಿಸಿ ಬರೆದುಕೊಡಿ ಅನ್ನಿ.
3. ಸ್ಟಿಕರ್ ಇದ್ದರೆ ಒಂದೊಂದು ನಿಮಗೂ ಕೊಡಲಿ. ಇಲ್ಲದಿದ್ದರೆ ಬಳಸಿದ್ದರ ಪಟ್ಟಿಯ ಪ್ರತಿ, ಸೀಲ್ ಹಾಕಿಸಿ.
4. ಆಪರೇಷನ್ ನೋಟ್ಸ್ ಪ್ರತಿಗೆ ಲಿಖಿತವಾಗಿ ಅರ್ಜಿ ಕೊಡಿ. ಮೂರು ವರ್ಷ ಕಾಯಬೇಡಿ, ಮೂರು ದಿನದ ನಿಯಮ ನೆನಪಿಡಿ.
5. ಎಲ್ಲದರ ಫೋಟೋ ತೆಗೆದು ಮನೆಯ ಇಬ್ಬರ ಫೋನಿನಲ್ಲಿ ಇಡಿ. ಮುಂದೆ ಎಂಆರ್‌ಐ ಮಾಡಿಸಬೇಕಾದರೂ ಒಳಗೆ ಟೈಟೇನಿಯಮ್ಮೋ ಉಕ್ಕೋ ಅಂತ ಕೇಳ್ತಾರೆ.
6. ನೋವಿಲ್ಲ ಅಂತ ಆರು ತಿಂಗಳ ಎಕ್ಸ್‌ರೇ ಬಿಡಬೇಡಿ. ನಾವು ಬಿಟ್ಟೆವು.

ಹೊಸ ಸ್ಕ್ರೂಗಳ ಪಟ್ಟಿಯನ್ನು ಅಮ್ಮನ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ರಟ್ಟಿಗೆ ಅಂಟಿಸಿದ್ದೀನಿ. ಆ ಮನೆಯಲ್ಲಿ ಎಂದೂ ಕಳೆದುಹೋಗದ ವಸ್ತು ಅದೊಂದೇ. ಅಮ್ಮ ಕನ್ನಡಕ ಹಾಕಿ ನೋಡಿ, "ಗೌರೀದಕ್ಕಿಂತ ನಂದು ಉದ್ದ ಐತಲ್ಲೋ ನಂಬರು" ಅಂದಳು.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಬೆನ್ನಿಗೆ, ಮೊಣಕಾಲಿಗೆ, ಹೃದಯಕ್ಕೆ ಏನಾದರೂ ಹಾಕಿಸಿದ್ದರೆ ಇವತ್ತು ಸಂಜೆ ಫೈಲ್ ತೆಗೆದು ನೋಡಿ. ಹೆಸರು, ನಂಬರ್ ಸಿಗುತ್ತಾ? ಸಿಕ್ಕಿತಾ ಇಲ್ವಾ ಅಂತ ಇಲ್ಲಿ ಬಂದು ಹೇಳಿ. ಸಿಗದೇ ಇದ್ದರೆ, ಮೂರು ವರ್ಷ ಆಗಿಲ್ಲದಿದ್ದರೆ, ನಾಳೆಯೇ ಆಸ್ಪತ್ರೆಗೆ ಹೋಗಿ ಬನ್ನಿ.